ಬೆಂಚಿನ ಮೇಲೆ ಕೂತವರ ಸರದಿ: ಅಮೆರಿಕದ ಕಾಲೇಜು ಫುಟ್‌ಬಾಲ್ ಮತ್ತು ನಮ್ಮ ಬೋಧನಾಭ್ಯಾಸ

ಕೆಲವು ವರ್ಷಗಳ ಹಿಂದೆ ನಮ್ಮ ಬೋಧನಾಭ್ಯಾಸದ ಶಾಲೆಯೊಂದರ ಕಬಡ್ಡಿ ತಂಡದ ಜೊತೆ ಹೋಬಳಿ ಮಟ್ಟದಿಂದ ಜಿಲ್ಲಾ ಮಟ್ಟದವರೆಗೆ ನಾನೂ ಓಡಾಡಿದ್ದೆ. ಆ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿ ಇತ್ತು. ನಮ್ಮ ಇಬ್ಬರು ಪ್ರಶಿಕ್ಷಣಾರ್ಥಿಗಳೇ ತಂಡ ಕಟ್ಟಿದ್ದರು, ನಾನು ಮೇಲ್ವಿಚಾರಕ. ಹನ್ನೆರಡು ಹುಡುಗರು, ಅಂಕಣದೊಳಗೆ ಏಳು, ಹೊರಗೆ ಐದು. ಹೋಬಳಿ ಗೆದ್ದೆವು, ತಾಲ್ಲೂಕು ಗೆದ್ದೆವು, ಜಿಲ್ಲೆಯ ಸೆಮಿಫೈನಲಿನಲ್ಲಿ ಸೋತೆವು. ವಾಪಸು ಬರುವ ಬಸ್ಸಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪ್ರಮಾಣಪತ್ರ ಹಿಡಿದುಕೊಂಡು ನನ್ನ ಸೀಟಿನ ಹತ್ತಿರ ಬಂದ. "ಸಾರ್, ಇದ್ರಲ್ಲಿ ಕಬಡ್ಡಿಯಲ್ಲಿ ಭಾಗವಹಿಸಿದ್ದಾನೆ ಅಂತ ಇದೆ. ಮನೇಲಿ ಆಡ್ದೆ ಅಂತ ಹೇಳಬಹುದಾ?" ಎಂದು ಕೇಳಿದ.

ಮೂರು ಹಂತಗಳ ಅಷ್ಟೂ ಪಂದ್ಯಗಳಲ್ಲಿ ಅವನು ಒಂದು ನಿಮಿಷವೂ ಅಂಕಣದೊಳಗೆ ಕಾಲಿಟ್ಟಿರಲಿಲ್ಲ. "ಹೇಳಪ್ಪ" ಎಂದೆ. ಅವನು ಹೋಗಿ ಕೂತ. ನನಗೆ ಮಾತ್ರ ದಾರಿಯುದ್ದಕ್ಕೂ ಸಮಾಧಾನವಿರಲಿಲ್ಲ. ಏಕೆಂದರೆ ಅವನನ್ನು ಆಡಿಸಬಾರದು ಎಂದು ನಮ್ಮಲ್ಲಿ ಯಾರೂ ತೀರ್ಮಾನ ಮಾಡಿರಲಿಲ್ಲ. ಆಡಿಸಬೇಕು ಎಂದೂ ಯಾರೂ ತೀರ್ಮಾನ ಮಾಡಿರಲಿಲ್ಲ. ಪ್ರತಿ ಪಂದ್ಯದಲ್ಲೂ "ಇನ್ನೊಂದು ನಾಲ್ಕು ಅಂಕ ಮುಂದೆ ಹೋದರೆ ಬಿಡೋಣ" ಎಂದುಕೊಂಡೆವು. ಆ ನಾಲ್ಕು ಅಂಕ ಬಂದಾಗ ಇನ್ನೂ ನಾಲ್ಕು ಬೇಕೆನಿಸಿತು.

ಅದೇ ತಿಂಗಳು ಆ ಇಬ್ಬರಲ್ಲಿ ಒಬ್ಬರ ಸಮಾಜ ವಿಜ್ಞಾನದ ಪಾಠ ನೋಡಲು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸುಮ್ಮನೆ ಅವಲೋಕನಾ ಪುಸ್ತಕದ ಅಂಚಿನಲ್ಲಿ, ಯಾರು ಉತ್ತರ ಹೇಳುತ್ತಾರೋ ಅವರ ಜಾಗಕ್ಕೆ ಒಂದೊಂದು ಗೀಟು ಹಾಕುತ್ತಾ ಹೋದೆ. ನಲವತ್ತೆರಡು ಮಕ್ಕಳಿದ್ದ ತರಗತಿ. ಪಾಠ ಮುಗಿದಾಗ ಗೀಟುಗಳೆಲ್ಲ ಆರು ಜಾಗಗಳಲ್ಲಿ ಗುಂಪಾಗಿದ್ದವು. ಪಾಠ ಚೆನ್ನಾಗಿತ್ತು, ಒಳ್ಳೆಯ ಅಂಕವನ್ನೂ ಕೊಟ್ಟಿದ್ದೆ. ಗೀಟುಗಳನ್ನು ಎರಡನೆಯ ಸಲ ನೋಡಿದಾಗ ಬಸ್ಸಿನ ಹುಡುಗ ನೆನಪಾದ. ಅಲ್ಲಿ ಐದು ಮಂದಿ ಹೊರಗಿದ್ದರು, ಇಲ್ಲಿ ಮೂವತ್ತಾರು.

ಈ ತೊಂದರೆಯನ್ನು ನಮಗಿಂತ ದೊಡ್ಡ ಪ್ರಮಾಣದಲ್ಲಿ, ನಮಗಿಂತ ಹೆಚ್ಚು ಕಾಲದಿಂದ ಅನುಭವಿಸುತ್ತಿರುವವರು ಅಮೆರಿಕದ ಕಾಲೇಜು ಫುಟ್‌ಬಾಲ್ ತರಬೇತುದಾರರು. ನನ್ನ ಅಣ್ಣನ ಮಗಳು ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಪಂದ್ಯವಿರುವ ಶನಿವಾರ ಊರೆಲ್ಲ ನೇರಳೆ ಮತ್ತು ಹೊನ್ನಿನ ಬಣ್ಣ. "ಚಿಕ್ಕಪ್ಪ, ನೀವು ಕಬಡ್ಡಿಯವರು, ಇದನ್ನ ನೋಡಿ" ಎಂದು ಅವಳು ಹುಚ್ಚು ಹತ್ತಿಸಿದಳು. ಮೊದಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಚೆಂಡನ್ನು ಬಿಟ್ಟು ಬದಲಿ ಆಟಗಾರರನ್ನು ನೋಡತೊಡಗಿದೆ. ಅಲ್ಲಿಂದ ಆಟ ತೆರೆದುಕೊಂಡಿತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಾವು ಫುಟ್‌ಬಾಲ್ ಎನ್ನುವ ಕಾಲ್ಚೆಂಡಾಟ ಅದಲ್ಲ. ಮೊಟ್ಟೆಯಾಕಾರದ ಚೆಂಡು, ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ತಂಡದಿಂದ 11 ಮಂದಿ ಮೈದಾನದಲ್ಲಿ. ತಲಾ 15 ನಿಮಿಷದ ನಾಲ್ಕು ಭಾಗ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಚೆಂಡು ಒಂದು ತಂಡದ ಕೈಯಲ್ಲಿರುವ ಅವಧಿಯನ್ನು ಇಲ್ಲಿ ಒಂದು 'ಸರದಿ' ಎಂದು ಕರೆಯುತ್ತೇನೆ. ಪ್ರತಿ ಯತ್ನದ ನಂತರವೂ ಆಟ ಕ್ಷಣಕಾಲ ನಿಲ್ಲುವುದರಿಂದ ಆಟಗಾರರನ್ನು ಬದಲಿಸಬಹುದು. ದಾಳಿ ಮಾಡುವ 11 ಮಂದಿ ಬೇರೆ, ತಡೆಯುವ 11 ಮಂದಿ ಬೇರೆ. ಚೆಂಡನ್ನು ಒದೆಯುವ ಸಂದರ್ಭಗಳಿಗೆ ಮತ್ತೊಂದು ಗುಂಪು. ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಅಲ್ಲಿನ ಮೇಲಿನ ಶ್ರೇಣಿಯ ಕಾಲೇಜುಗಳು ದಶಕಗಳ ಕಾಲ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು. 2025ರ ನ್ಯಾಯಾಲಯದ ಒಪ್ಪಂದದ ನಂತರ ತಂಡದ ಮಿತಿ 105. ಲೆಕ್ಕ ಹಾಕಿ: ದಾಳಿಗೆ 11, ತಡೆಗೆ 11. ಉಳಿದವರೆಲ್ಲ ಹೆಚ್ಚುಕಡಿಮೆ ಬೆಂಚು.

ಮೈದಾನದ ಅವಧಿ ಹಂಚುವ ಕೆಲಸ ಪಂದ್ಯದ ದಿನ ಶುರುವಾಗುವುದಿಲ್ಲ, ಅಭ್ಯಾಸದಲ್ಲೇ ಶುರುವಾಗುತ್ತದೆ. ನಮ್ಮವರು ಗಮನಿಸಬೇಕಾದ ಮೊದಲ ಸಂಗತಿ ಇದು. ಪಂದ್ಯಗಳ ಋತುವಿನಲ್ಲಿ ಒಬ್ಬ ವಿದ್ಯಾರ್ಥಿಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ತರಬೇತಿ ಕೊಡುವಂತಿಲ್ಲ ಎಂಬ ನಿಯಮ ಅಲ್ಲಿದೆ. ಹಾಗಾಗಿ ಒಂದು ತಂತ್ರವನ್ನು ಎಷ್ಟು ಸಲ, ಯಾರು ಮಾಡಿ ನೋಡುತ್ತಾರೆ ಎಂಬುದೇ ಬಂಡವಾಳ. ಹೆಚ್ಚಿನ ಸರದಿ ಮೊದಲ ಹನ್ನೊಂದಕ್ಕೆ ಹೋಗುತ್ತದೆ, ಎರಡನೆಯ ಸಾಲಿಗೆ ಸ್ವಲ್ಪ. ಮೂರನೆಯ ಸಾಲಿನವರು, ಹೊಸಬರು ಏನು ಮಾಡುತ್ತಾರೆ? ಅವರು ಮುಂದಿನ ಶನಿವಾರದ ಎದುರಾಳಿಯ ವೇಷ ಹಾಕುತ್ತಾರೆ. ಎದುರಾಳಿ ಹೇಗೆ ಆಡುತ್ತಾನೋ ಹಾಗೆ ಆಡಿ ತೋರಿಸಿ ಮೊದಲ ಹನ್ನೊಂದಕ್ಕೆ ತಾಲೀಮು ಕೊಡುತ್ತಾರೆ. ಇದನ್ನು ಸ್ಕೌಟ್ ಟೀಮ್ ಎನ್ನುತ್ತಾರೆ. ಉಪಯುಕ್ತ ಕೆಲಸವೇ. ಆದರೆ ಇದರಲ್ಲೇ ವರ್ಷ ಕಳೆದ ಹುಡುಗ ಎದುರಾಳಿಗಳ ಆಟವನ್ನೆಲ್ಲ ಕಲಿತಿರುತ್ತಾನೆ, ತನ್ನ ತಂಡದ ಆಟವನ್ನು ಕಲಿತಿರುವುದಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಸೂಕ್ಷ್ಮಬೋಧನೆಯ ಕೋಣೆ ಕಣ್ಣಮುಂದೆ ಬಂತು. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಎಂಟನೆಯ ತರಗತಿಯ ಮಕ್ಕಳಂತೆ ನಟಿಸುತ್ತಾರೆ. ಪ್ರತಿ ಬ್ಯಾಚಿನಲ್ಲೂ ಸೊಗಸಾಗಿ 'ಮಗು'ವಾಗುವ ಒಬ್ಬಿಬ್ಬರು ಇರುತ್ತಾರೆ. ಕೀಟಲೆ ಮಾಡುತ್ತಾರೆ, ತಪ್ಪು ಉತ್ತರ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಅವರು ತಮ್ಮ ಕೌಶಲವನ್ನು ಮರುಬೋಧನೆ ಮಾಡಿದ್ದು ಯಾವಾಗ ಎಂದು ಪುಸ್ತಕ ತೆರೆದರೆ, ಎಷ್ಟೋ ಸಲ ಆ ಪುಟ ಖಾಲಿ. ಚಾರ್ಟು ಬರೆಯುವವರ ಕತೆಯೂ ಇದೇ. ಕೈಬರಹ ಚೆನ್ನಾಗಿರುವುದೇ ಅವರಿಗೆ ಶಾಪ.

ಇನ್ನು 1958ರ ಕತೆಗೆ ಬರುತ್ತೇನೆ. ಇಡೀ ಲೇಖನ ಬರೆಯಲು ಕಾರಣ ಇದೇ.

ಇವತ್ತು ಅಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಯಾವಾಗಲೂ ಹೀಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಬದಲಾವಣೆಯ ನಿಯಮವನ್ನು ಸಡಿಲಿಸಿದರು. ಮಿಷಿಗನ್ ವಿಶ್ವವಿದ್ಯಾಲಯದ ಫ್ರಿಟ್ಜ್ ಕ್ರಿಸ್ಲರ್ 1945ರಲ್ಲಿ ಬಲಾಢ್ಯವಾಗಿದ್ದ ಸೇನಾ ಅಕಾಡೆಮಿಯ ತಂಡದ ಎದುರು ತಮ್ಮ ಎಳೆಯ ಹುಡುಗರನ್ನು ದಾಳಿಗೆ ಒಂದು ಗುಂಪು, ತಡೆಗೆ ಒಂದು ಗುಂಪು ಎಂದು ಒಡೆದು ಆಡಿಸಿದರು. ಸೋತರು, ಆದರೆ ಉಪಾಯ ನಿಂತಿತು. 1953ರಲ್ಲಿ ಆ ಸ್ವಾತಂತ್ರ್ಯವನ್ನು ಮತ್ತೆ ಕಿತ್ತುಕೊಂಡರು. ಒಂದು ಭಾಗದಲ್ಲಿ ಹೊರಗೆ ಹೋದ ಆಟಗಾರ ಅದೇ ಭಾಗದಲ್ಲಿ ಬೇಕೆಂದಷ್ಟು ಸಲ ಒಳಗೆ ಬರುವಂತಿಲ್ಲ. ಹಾಗಾಗಿ ಒಳ್ಳೆಯ ಹನ್ನೊಂದು ಮಂದಿಯೇ ದಾಳಿಯನ್ನೂ ಮಾಡಬೇಕು, ತಡೆಯನ್ನೂ ಮಾಡಬೇಕು. ನಾಲ್ಕನೆಯ ಭಾಗಕ್ಕೆ ಬರುವಾಗ ಅವರಲ್ಲಿ ಕಸುವು ಇರುತ್ತಿರಲಿಲ್ಲ.

ಲೂಸಿಯಾನಾ ಸ್ಟೇಟ್‌ನ ತರಬೇತುದಾರ ಪಾಲ್ ಡೀಟ್ಜೆಲ್ ಅವರ ತಂಡ 1957ರಲ್ಲಿ ಐದು ಗೆದ್ದು ಐದು ಸೋತಿತ್ತು. ಮರುವರ್ಷ ಅವರು ತಂಡವನ್ನು ಹನ್ನೊಂದು ಹನ್ನೊಂದರ ಮೂರು ಗುಂಪು ಮಾಡಿದರು. ಮೊದಲನೆಯದು ವೈಟ್ ಟೀಮ್: ಅತ್ಯುತ್ತಮರು, ದಾಳಿಯನ್ನೂ ತಡೆಯನ್ನೂ ಮಾಡುವವರು. ಎರಡನೆಯದು ಗೋಲ್ಡ್, ಜನರ ಬಾಯಲ್ಲಿ 'ಗೋ' ಟೀಮ್: ಮುಖ್ಯವಾಗಿ ದಾಳಿ. ಮೂರನೆಯದು, ಕೌಶಲದಲ್ಲಿ ಕೊನೆಯವರು, ತಡೆಯುವುದಕ್ಕೆ ಮಾತ್ರ. ಅವರಿಗೆ ಒಂದು ಚಿತ್ರಕಥಾ ಪಟ್ಟಿಯಿಂದ ಎತ್ತಿಕೊಂಡ 'ಚೈನೀಸ್ ಬ್ಯಾಂಡಿಟ್ಸ್', ಅಂದರೆ ಚೀನೀ ದರೋಡೆಕೋರರು, ಎಂಬ ಹೆಸರಿಟ್ಟರು. ಒಂದು ಜನಾಂಗವನ್ನು ದರೋಡೆಕೋರರೆನ್ನುವ ಆ ಹೆಸರನ್ನು ಇವತ್ತು ಯಾರೂ ಇಡಬಾರದು. ಆ ಹೆಸರಿನ ವಿಷಯ ಬದಿಗಿಟ್ಟು ಆ ಹುಡುಗರಿಗೆ ಆದದ್ದನ್ನು ನೋಡೋಣ.

ಬೇರೆ ತಂಡಗಳಲ್ಲಿ ಅವರು ಬೆಂಚಿನವರು. ಇಲ್ಲಿ ಅವರಿಗೆ ಒಂದು ಹೆಸರು, ಒಂದೇ ಕೆಲಸ, ಮತ್ತು ಪಂದ್ಯದಲ್ಲಿ ಖಚಿತವಾದ ಜಾಗ ಸಿಕ್ಕಿತು. ಹನ್ನೊಂದೂ ಮಂದಿ ಒಟ್ಟಿಗೆ ಒಳಗೆ ಹೋಗುವುದು, ಒಟ್ಟಿಗೆ ಹೊರಗೆ ಬರುವುದು. ದಾಳಿಯ ನೂರು ತಂತ್ರ ಅವರು ಕಲಿಯಬೇಕಾಗಿರಲಿಲ್ಲ. ಎದುರಾಳಿಯನ್ನು ಹತ್ತು ಗಜ ಹೋಗದಂತೆ ತಡೆದರೆ ಸಾಕು. ಅವರು ಮೈದಾನಕ್ಕೆ ಇಳಿಯುವಾಗ ಪ್ರೇಕ್ಷಕರು ಎದ್ದು ನಿಲ್ಲತೊಡಗಿದರು. ಅವರ ಹೆಸರಿನ ಒಂದು ರಾಗವನ್ನು ವಿಶ್ವವಿದ್ಯಾಲಯದ ವಾದ್ಯವೃಂದ ದಶಕಗಳ ಕಾಲ ನುಡಿಸಿತು. ಆ ವರ್ಷ ಲೂಸಿಯಾನಾ ಸ್ಟೇಟ್ ಹನ್ನೊಂದಕ್ಕೆ ಹನ್ನೊಂದೂ ಗೆದ್ದಿತು. 1959ರ ಜನವರಿ 1ರಂದು ನಡೆದ ಷುಗರ್ ಬೌಲ್ ಪಂದ್ಯದಲ್ಲಿ ಕ್ಲೆಮ್ಸನ್ ತಂಡವನ್ನು 7-0ರಿಂದ ಸೋಲಿಸಿತು. ರಾಷ್ಟ್ರೀಯ ಚಾಂಪಿಯನ್ ಆಯಿತು. ಮೊದಲ ಗುಂಪಿನಲ್ಲಿದ್ದ ಬಿಲ್ಲಿ ಕ್ಯಾನನ್ ಮರುವರ್ಷ ಅಲ್ಲಿನ ಅತ್ಯುನ್ನತ ವೈಯಕ್ತಿಕ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದ. ಮೂರನೆಯ ಸಾಲಿನವರನ್ನು ಆಡಿಸಿದ್ದರಿಂದ ಮೊದಲ ಸಾಲಿನವನ ಹೊಳಪೇನೂ ಮಂಕಾಗಲಿಲ್ಲ ಎಂದು ತೋರಿಸಲು ಇದನ್ನು ಹೇಳುತ್ತಿದ್ದೇನೆ.

ಇದರಲ್ಲಿ ನನಗೆ ಮುಖ್ಯವೆನಿಸುವುದು ಮೂರನೆಯ ಗುಂಪಿನವರ ಕೆಲಸ ಚಿಕ್ಕದಾಗಿದ್ದರೂ ಇಡಿಯಾಗಿತ್ತು ಎಂಬುದು. ನಾವು ತರಗತಿಯಲ್ಲಿ 'ಹಿಂದುಳಿದ' ಮಗುವಿಗೆ ಕೊಡುವ ಕೆಲಸ ಚಿಕ್ಕದು ಮಾತ್ರ, ಇಡಿಯಲ್ಲ. ಡಸ್ಟರ್ ತಾ, ನಕಾಶೆ ಹಿಡಿದುಕೊ, ಪುಸ್ತಕ ಹಂಚು. ಅದರಿಂದ ಪಾಠ ಮುಂದೆ ಹೋಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ನಕಾಶೆ ಹಿಡಿದವನು ಬಿದ್ದುಹೋದರೆ ಇನ್ನೊಬ್ಬ ಹಿಡಿಯುತ್ತಾನೆ. ಇದಕ್ಕೆ ಬದಲಾಗಿ, "ತುಂಗಾ, ಭದ್ರಾ ಎಲ್ಲಿ ಸೇರುತ್ತವೆ ಎಂಬುದನ್ನು ನಕಾಶೆಯಲ್ಲಿ ಹುಡುಕಿ ತರಗತಿಗೆ ಹೇಳಬೇಕಾದವನು ನೀನು, ನೀನು ಹೇಳುವವರೆಗೆ ನಾವು ಮುಂದೆ ಹೋಗುವುದಿಲ್ಲ" ಎಂದರೆ ಅದೂ ಚಿಕ್ಕ ಕೆಲಸವೇ. ಆದರೆ ಪಾಠ ಅವನ ಮೇಲೆ ನಿಂತಿರುತ್ತದೆ.

ಎರಡನೆಯ ಮಾತು, ಅವರು ಆಡಿದ್ದು ಅಂಕಪಟ್ಟಿ ಇನ್ನೂ ತೆರೆದಿದ್ದಾಗ. ಗೆಲುವು ಖಚಿತವಾದ ಮೇಲೆ ಬದಲಿಯವರನ್ನು ಇಳಿಸುವ ಪದ್ಧತಿ ಎಲ್ಲ ಆಟಗಳಲ್ಲೂ ಇದೆ. ಅಮೆರಿಕದಲ್ಲಿ ಆ ಕೊನೆಯ ನಿಮಿಷಗಳಿಗೆ 'ಕಸದ ಹೊತ್ತು' ಎಂಬರ್ಥದ ಹೆಸರೇ ಇದೆ. ಪ್ರೇಕ್ಷಕರು ಎದ್ದು ಹೋಗುತ್ತಿರುತ್ತಾರೆ, ಎದುರಾಳಿಯೂ ತನ್ನ ಬದಲಿಯವರನ್ನೇ ಇಳಿಸಿರುತ್ತಾನೆ. ಅದೂ ಒಂದು ಅನುಭವವೇ, ಇಲ್ಲವೆನ್ನುವುದಿಲ್ಲ. ಆದರೆ ಒತ್ತಡವಿಲ್ಲದ ಆ ನಿಮಿಷಗಳು ಒತ್ತಡದ ನಿಮಿಷಗಳಿಗೆ ಪೂರ್ತಿ ತಯಾರು ಮಾಡುವುದಿಲ್ಲ. ಅದಕ್ಕೇ ಕೆಲವು ತರಬೇತುದಾರರು ಪಂದ್ಯಕ್ಕೆ ಮೊದಲೇ ಬರೆದಿಡುತ್ತಾರೆ: ಎರಡನೆಯ ಭಾಗದ ಮೊದಲ ಸರದಿ ಎರಡನೆಯ ಕ್ವಾರ್ಟರ್‌ಬ್ಯಾಕ್‌ನದು, ಅಂಕ ಎಷ್ಟೇ ಇರಲಿ. ಪಂದ್ಯದ ಬಿಸಿಯಲ್ಲಿ ನಿಂತವನಿಗೆ ಮೊದಲ ಹನ್ನೊಂದನ್ನು ಹೊರಗೆ ಕರೆಯುವ ಧೈರ್ಯ ಬರುವುದಿಲ್ಲ. ಧೈರ್ಯವನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನಮ್ಮ ಕಬಡ್ಡಿ ತಂಡದಲ್ಲಿ ಆಗದೆ ಹೋದದ್ದು ಇಷ್ಟೇ.

ಇಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ನನ್ನನ್ನು ತಡೆದು ಕೇಳಿದ್ದುಂಟು: ಹಾಗಾದರೆ ಎಲ್ಲರಿಗೂ ಸಮಪಾಲೇ? ಅಲ್ಲ. ಅಲ್ಲಿನವರು ಜಾಗ ನೋಡಿ ಹಂಚುತ್ತಾರೆ. ತಡೆಯುವ ತಂಡದ ಮುಂದಿನ ಸಾಲಿನಲ್ಲಿ ದಢೂತಿ ದೇಹದವರು ಪ್ರತಿ ಯತ್ನಕ್ಕೂ ಮೈಯೆಲ್ಲ ಒಡ್ಡಿ ನೂಕಬೇಕು. ಅವರನ್ನು ಪದೇಪದೇ ಬದಲಿಸುತ್ತಾರೆ, ಎರಡನೆಯವನು ಮೊದಲನೆಯವನಿಗಿಂತ ಸ್ವಲ್ಪ ಕಡಿಮೆಯಿದ್ದರೂ ದಣಿಯದವನು ದಣಿದವನಿಗಿಂತ ಮೇಲು. ದಾಳಿಯ ಮುಂದಿನ ಸಾಲಿನ ಐವರದ್ದು ಬೇರೆ ಲೆಕ್ಕ. ಅವರು ಅಕ್ಕಪಕ್ಕದವನ ಹೆಜ್ಜೆಯನ್ನು ಕಣ್ಣುಮುಚ್ಚಿ ಅರಿತಿರಬೇಕು, ಹಾಗಾಗಿ ಗಾಯವಾಗದಿದ್ದರೆ ಸಾಮಾನ್ಯವಾಗಿ ಅದೇ ಐವರು ಕೊನೆಯವರೆಗೆ. ಕ್ವಾರ್ಟರ್‌ಬ್ಯಾಕ್ ಒಬ್ಬನೇ ಇರಬೇಕೆಂಬುದು ಹೆಚ್ಚಿನವರ ಮತ. ಆದರೂ ಫ್ಲಾರಿಡಾ ವಿಶ್ವವಿದ್ಯಾಲಯದ ಸ್ಟೀವ್ ಸ್ಪರಿಯರ್ 1997ರಲ್ಲಿ ಫ್ಲಾರಿಡಾ ಸ್ಟೇಟ್ ವಿರುದ್ಧ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಹೆಚ್ಚುಕಡಿಮೆ ಯತ್ನಕ್ಕೊಬ್ಬರಂತೆ ಬದಲಿಸುತ್ತಾ 32-29ರಿಂದ ಗೆದ್ದರು. ಹೊರಗಿದ್ದವನಿಗೆ ಮುಂದಿನ ತಂತ್ರವನ್ನು ವಿವರಿಸಿ ಕಳಿಸಲು ಸಮಯ ಸಿಕ್ಕಿತು ಎಂಬುದು ಅದರ ಲಾಭ. ಅದನ್ನು ಎಲ್ಲರೂ ಅನುಕರಿಸಲಿಲ್ಲ, ನಾನೂ ಅನುಕರಿಸಿ ಎನ್ನುವುದಿಲ್ಲ.

ಹೊಸಬರು ಮೊದಲು ಮೈದಾನ ಕಾಣುವುದು ಸಾಮಾನ್ಯವಾಗಿ ಚೆಂಡು ಒದೆಯುವ ಸಂದರ್ಭದ ಗುಂಪಿನಲ್ಲಿ. ಕೆಲವೇ ಸೆಕೆಂಡುಗಳ ಕೆಲಸ, ಪೂರ್ತಿ ವೇಗದ ಓಟ, ತಪ್ಪಿದರೆ ಎದುರಾಳಿಗೆ ನೇರ ಅಂಕ. ಹೊಸಬರ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ಇಂಟರ್ನ್‌ಶಿಪ್ಪಿನ ಮೊದಲ ವಾರ ಪ್ರಶಿಕ್ಷಣಾರ್ಥಿಗೆ ನಲವತ್ತು ನಿಮಿಷದ ಪಾಠ ಕೊಟ್ಟು ನಡುಗಿಸುವ ಬದಲು, ಮಾರ್ಗದರ್ಶಿ ಶಿಕ್ಷಕರ ಪಾಠದೊಳಗೆ ಐದು ನಿಮಿಷದ ಪೀಠಿಕೆಯನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡಬಹುದು.

ಈಗ ಕಷ್ಟದ ಭಾಗ. ಎರಡನೆಯವನನ್ನು ಬೆಳೆಸಿದರೆ ಒಂದು ದಿನ ಅವನು ಮೊದಲನೆಯವನ ಜಾಗಕ್ಕೆ ಬರುತ್ತಾನೆ. ಆಗ ಮೊದಲನೆಯವನಿಗೆ ಏನು ಹೇಳುವುದು?

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಜೇಲನ್ ಹರ್ಟ್ಸ್ 2016ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಕ್ವಾರ್ಟರ್‌ಬ್ಯಾಕ್ ಆದವನು. ಎರಡು ವರ್ಷವೂ ತಂಡವನ್ನು ರಾಷ್ಟ್ರೀಯ ಫೈನಲಿಗೆ ತಂದ. 2018ರ ಜನವರಿ 8ರಂದು ಅಟ್ಲಾಂಟಾದಲ್ಲಿ ಜಾರ್ಜಿಯಾ ವಿರುದ್ಧ ಎರಡನೆಯ ಫೈನಲ್. ಅರ್ಧ ಮುಗಿದಾಗ 0-13. ತರಬೇತುದಾರ ನಿಕ್ ಸೇಬನ್ ಹರ್ಟ್ಸ್‌ನನ್ನು ಕೂರಿಸಿ ಟುವಾ ಟಗೊವೈಲೋವಾ ಎಂಬ ಮೊದಲ ವರ್ಷದವನನ್ನು ಇಳಿಸಿದರು. ಅವನು ಅಲ್ಲಿಯವರೆಗೆ ಹೆಚ್ಚಾಗಿ ಆಡಿದ್ದು ಗೆಲುವು ಖಚಿತವಾದ ಪಂದ್ಯಗಳ ಕೊನೆಯಲ್ಲಿ. ಇಳಿದ ಮೇಲೆ ಒಂದು ಚೆಂಡನ್ನು ಎದುರಾಳಿಯ ಕೈಗೇ ಎಸೆದ. ಹೊರಗೆ ಕರೆಯಲಿಲ್ಲ. ಪಂದ್ಯ ಸಮವಾಗಿ ಹೆಚ್ಚುವರಿ ಆಟಕ್ಕೆ ಹೋಯಿತು. ಅಲ್ಲಿ ಮೊದಲ ಯತ್ನದಲ್ಲೇ ಸಿಕ್ಕಿಬಿದ್ದು 16 ಗಜ ಹಿಂದಕ್ಕೆ ಹೋದ. ಆಗಲೂ ಕರೆಯಲಿಲ್ಲ, ಕರೆಯುವುದಕ್ಕೆ ಹೊತ್ತೂ ಇರಲಿಲ್ಲ. ಮುಂದಿನ ಯತ್ನದಲ್ಲಿ 41 ಗಜದ ಎಸೆತ, ಡೆವಾಂಟಾ ಸ್ಮಿತ್ ಹಿಡಿದ, 26-23, ಪಂದ್ಯ ಮುಗಿಯಿತು. ನಮ್ಮಲ್ಲಿ ಎಷ್ಟು ಮಂದಿ ಪ್ರಶಿಕ್ಷಣಾರ್ಥಿಗಳು ತಪ್ಪು ಉತ್ತರ ಹೇಳಿದ ಮಗುವಿನ ಹತ್ತಿರ ಅದೇ ಪಾಠದಲ್ಲಿ ಎರಡನೆಯ ಪ್ರಶ್ನೆಗೆ ಮರಳುತ್ತಾರೆ ಎಂದು ಗಮನಿಸಿ. "ಕೂತ್ಕೊ, ನೀನು ಹೇಳು" ಎಂದು ಪಕ್ಕದವನ ಕಡೆ ಬೆರಳು ಹೋಗಿಬಿಡುತ್ತದೆ.

ನನ್ನ ಗಮನ ಇರುವುದು ಹರ್ಟ್ಸ್ ಮೇಲೆ. ಮುಂದಿನ ಋತುವಿನಲ್ಲಿ ಅವನು ಬದಲಿ ಆಟಗಾರ. ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. 2018ರ ಡಿಸೆಂಬರ್ 1ರಂದು ಅದೇ ಜಾರ್ಜಿಯಾ ವಿರುದ್ಧ, ಅದೇ ಊರಿನಲ್ಲಿ, ನಾಲ್ಕನೆಯ ಭಾಗದಲ್ಲಿ ಟಗೊವೈಲೋವಾ ಗಾಯಗೊಂಡಾಗ ಅಲಬಾಮಾ 21-28ರಿಂದ ಹಿಂದಿತ್ತು. ಹರ್ಟ್ಸ್ ಇಳಿದ, 35-28ಕ್ಕೆ ಗೆಲ್ಲಿಸಿದ. ಪದವಿ ಮುಗಿಸಿ ಓಕ್ಲಹೋಮಾಕ್ಕೆ ಹೋದ, ಅಲ್ಲಿ ಹೈಸ್ಮನ್ ಮತದಾನದಲ್ಲಿ ಎರಡನೆಯವನಾದ, 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ವೃತ್ತಿಪರ ಲೀಗಿನ ಸೂಪರ್ ಬೌಲ್ ಗೆದ್ದುಕೊಟ್ಟ.

ಎಲ್ಲರೂ ಹಾಗೆ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಅದೇ 2018ರಲ್ಲಿ ಕ್ಲೆಮ್ಸನ್‌ನಲ್ಲಿ ಹಿಂದಿನ ವರ್ಷ ತಂಡವನ್ನು ಸೆಮಿಫೈನಲಿಗೆ ತಂದಿದ್ದ ಕೊನೆಯ ವರ್ಷದ ಕೆಲ್ಲಿ ಬ್ರಯಂಟ್‌ಗೆ, ನಾಲ್ಕು ಪಂದ್ಯಗಳ ನಂತರ, ಇನ್ನು ಮೊದಲ ವರ್ಷದ ಟ್ರೆವರ್ ಲಾರೆನ್ಸ್ ಆರಂಭಿಕ ಎಂದು ತಿಳಿಸಿದರು. ಬ್ರಯಂಟ್ ತಂಡ ಬಿಟ್ಟ. ನಾಲ್ಕು ಎಂಬ ಸಂಖ್ಯೆಗೆ ಇಲ್ಲಿ ಅರ್ಥವಿದೆ. ಅಲ್ಲಿ ಒಬ್ಬ ವಿದ್ಯಾರ್ಥಿಗೆ ಐದು ವರ್ಷಗಳೊಳಗೆ ನಾಲ್ಕು ಋತು ಆಡುವ ಹಕ್ಕು. ಒಂದು ವರ್ಷ ಆಡದೆ ಉಳಿಸಿಕೊಳ್ಳುವುದನ್ನು ರೆಡ್‌ಶರ್ಟ್ ಎನ್ನುತ್ತಾರೆ. ಮೊದಲು ಒಂದು ಯತ್ನಕ್ಕೆ ಇಳಿದರೂ, ಸಾಮಾನ್ಯವಾಗಿ, ಆ ವರ್ಷ ಹೋದಂತೆಯೇ. 2018ರಿಂದ ನಾಲ್ಕು ಪಂದ್ಯದವರೆಗೆ ಆಡಿದರೂ ವರ್ಷ ಉಳಿಯುತ್ತದೆ. ಈ ನಿಯಮದಿಂದ ತರಬೇತುದಾರರು ಹೊಸಬರನ್ನು ಹೆದರದೆ ಇಳಿಸತೊಡಗಿದರು. ಅದೇ ನಿಯಮದಿಂದ ಬ್ರಯಂಟ್ ತನ್ನ ಕೊನೆಯ ವರ್ಷ ಉಳಿಸಿಕೊಂಡು ಮಿಸ್ಸೂರಿಗೆ ಹೋದ. ಮತ್ತು ನೋಡಿ, ಅವನು ಹೋದ ವಾರವೇ ಸಿರಕ್ಯೂಸ್ ವಿರುದ್ಧ ಲಾರೆನ್ಸ್ ಗಾಯಗೊಂಡ. ಆ ವಾರ ತಾನೇ ಎರಡನೆಯವನಾಗಿದ್ದ ಚೇಸ್ ಬ್ರೈಸ್ ಇಳಿದು 94 ಗಜದ ಕೊನೆಯ ಸರದಿ ನಡೆಸಿ 27-23ರಿಂದ ಪಂದ್ಯ ಉಳಿಸಿದ. ಕ್ಲೆಮ್ಸನ್ ಆ ವರ್ಷ ಹದಿನೈದಕ್ಕೆ ಹದಿನೈದೂ ಗೆದ್ದಿತು. ಬ್ರೈಸ್ ಅಂದು ತಯಾರಿಲ್ಲದಿದ್ದರೆ ಆ ಹದಿನೈದು ಇಲ್ಲ.

ತರಬೇತುದಾರ ಡಾಬೊ ಸ್ವಿನ್ನಿ ಬ್ರಯಂಟ್‌ಗೆ ನಾಲ್ಕನೆಯ ಪಂದ್ಯದ ನಂತರ ನೇರವಾಗಿ ಹೇಳಿದ್ದು ಕಠಿಣವೋ ನ್ಯಾಯವೋ ಎಂದು ಅಲ್ಲಿ ಚರ್ಚೆಯಾಯಿತು. ನನಗೆ ನ್ಯಾಯವೆಂದೇ ಕಾಣುತ್ತದೆ. ಐದನೆಯದರ ನಂತರ ಹೇಳಿದ್ದರೆ ಹುಡುಗನ ಒಂದು ವರ್ಷ ಹೋಗುತ್ತಿತ್ತು. ನಮ್ಮ ಬಸ್ಸಿನ ಹುಡುಗನಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಆಡುತ್ತಾನೆ ಎಂದೂ ಇಲ್ಲ, ಆಡುವುದಿಲ್ಲ, ಯಾಕೆ ಎಂದೂ ಇಲ್ಲ. ಪ್ರತಿ ಪಂದ್ಯಕ್ಕೂ ಅವನು ಬೂಟು ಬಿಗಿದು ಕೂತಿರುತ್ತಿದ್ದ.

ತರಗತಿ ಪಂದ್ಯವಲ್ಲ, ನಿಜ. ತರಬೇತುದಾರನಿಗೆ ಸೋಲಿನ ಭಯವಿದೆ; ನಲವತ್ತು ನಿಮಿಷದ ಪಾಠದಲ್ಲಿ ಎದುರಾಳಿ ಯಾರು? ಇದನ್ನು ನಾನು ವಿಮರ್ಶಾ ಸಭೆಯಲ್ಲಿ ಸ್ವಲ್ಪ ಜಂಬದಿಂದಲೇ ಕೇಳಿದಾಗ ಒಬ್ಬ ಪ್ರಶಿಕ್ಷಣಾರ್ಥಿ, "ನೀವೇ ಸಾರ್" ಎಂದಳು. "ನೀವು ಹಿಂದೆ ಕೂತ ದಿನ ನಾವು ಉತ್ತರ ಬರೋ ಮಕ್ಕಳನ್ನೇ ಕೇಳ್ತೀವಿ. ಆಚೆ ಬೆಂಚಿನವರನ್ನ ಕೇಳಿ ಅವರು ಸುಮ್ನೆ ನಿಂತ್ರೆ 'ವಿದ್ಯಾರ್ಥಿಗಳ ಪ್ರತಿಕ್ರಿಯೆ' ಅನ್ನೋ ಕಡೆ ಅಂಕ ಹೋಗುತ್ತೆ." ಕೋಣೆಯಲ್ಲಿ ಯಾರೂ ನಗಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. ಎದುರಾಳಿಯನ್ನು ನಾವೇ ಮೌಲ್ಯಮಾಪನ ಪಟ್ಟಿಯ ರೂಪದಲ್ಲಿ ತರಗತಿಯೊಳಗೆ ಕೂರಿಸಿದ್ದೆವು.

ಅಂದಿನಿಂದ ನಾನು ನೋಡುವ ಪಾಠಗಳಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಪಾಠಯೋಜನೆಯ ಎಡ ಅಂಚಿನಲ್ಲಿ, ಪ್ರಶ್ನೆಯ ಪಕ್ಕದಲ್ಲಿ, ಅದು ಯಾರಿಗೆ ಎಂದು ಪಾಠಕ್ಕೆ ಮೊದಲೇ ಹೆಸರು ಬರೆದಿರಬೇಕು. ಎಲ್ಲ ಪ್ರಶ್ನೆಗಲ್ಲ, ನಾಲ್ಕಕ್ಕೆ ಸಾಕು. ಆ ನಾಲ್ಕೂ ಪಾಠದ ನಡುವೆ ಬರಬೇಕು, ಕೊನೆಯ ಪುನರಾವರ್ತನೆಯಲ್ಲಲ್ಲ; ಅದು ನಮ್ಮ ಕಸದ ಹೊತ್ತು. ಆ ಮಗು ಸುಮ್ಮನೆ ನಿಂತರೆ ನಾನು ಅಂಕ ಕಡಿಯುವುದಿಲ್ಲ. ಪ್ರಶಿಕ್ಷಣಾರ್ಥಿ ಆ ಮೌನದಲ್ಲಿ ಏನು ಮಾಡಿದರು, ಮತ್ತೆ ಆ ಮಗುವಿನ ಹತ್ತಿರ ಬಂದರೋ ಎಂಬುದಕ್ಕೆ ಅಂಕ. ಮುಂದಿನ ಪಾಠಕ್ಕೆ ಬೇರೆ ನಾಲ್ಕು ಹೆಸರು. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. ಹೀಗೆ ಮಾಡಿದರೆ ಪಾಠ ಮುಗಿಯುವುದಿಲ್ಲ, ಚುರುಕಾದ ಮಕ್ಕಳು ಬೇಸರಗೊಂಡು ಗಲಾಟೆ ಮಾಡುತ್ತಾರೆ ಎನ್ನುತ್ತಾರೆ. ಕೆಲವು ದಿನ ಅವರು ಹೇಳಿದ ಹಾಗೇ ಆಗಿದೆ. ಹತ್ತನೆಯ ತರಗತಿಯಲ್ಲಿ, ಅದೂ ಜನವರಿಯ ನಂತರ, ಇದನ್ನು ಹೇರಲು ನನಗೂ ಧೈರ್ಯವಿಲ್ಲ. ಎಂಟು, ಒಂಬತ್ತರಲ್ಲಿ ನಡೆಯುತ್ತದೆ.

ಕಬಡ್ಡಿಯ ವಿಷಯ. ಕಳೆದ ವರ್ಷ ಮತ್ತೆ ಅದೇ ಶಾಲೆಯ ತಂಡದ ಜೊತೆ ಹೋಬಳಿ ಮಟ್ಟಕ್ಕೆ ಹೋದೆ. ಆ ಹುಡುಗ ಶಾಲೆ ಮುಗಿಸಿ ಹೋಗಿದ್ದಾನೆ, ಅವನಿಗೆ ನಾನು ಕೊಡಬಹುದಾದದ್ದು ಏನೂ ಉಳಿದಿಲ್ಲ. ಈ ಸಲ ಹಿಂದಿನ ಸಂಜೆಯೇ ಪ್ರಶಿಕ್ಷಣಾರ್ಥಿಗಳ ಜೊತೆ ಕೂತು ಒಂದು ಚೀಟಿ ಬರೆದೆವು: ಮೊದಲ ಅರ್ಧದ ಏಳನೆಯ ನಿಮಿಷಕ್ಕೆ ಯಾರು ಹೊರಗೆ, ಯಾರು ಒಳಗೆ, ಎಷ್ಟು ಹೊತ್ತಿನವರೆಗೆ. ಹನ್ನೆರಡೂ ಹುಡುಗರಿಗೆ ಓದಿ ಹೇಳಿದೆವು. ಏಳನೆಯ ನಿಮಿಷಕ್ಕೆ ನಾವು ಎರಡು ಅಂಕ ಹಿಂದಿದ್ದೆವು. ಮಾರ್ಗದರ್ಶಿ ಶಿಕ್ಷಕರು ನನ್ನ ಮುಖ ನೋಡಿದರು. ಒಂಬತ್ತನೆಯ ಹುಡುಗನನ್ನು ಒಳಗೆ ಬಿಟ್ಟೆವು. ಮೊದಲ ದಾಳಿಗೆ ಹೋದವನನ್ನು ಎದುರಿನವರು ಕಾಲಿಗೆ ಸರಪಳಿ ಹಾಕಿ ಕೆಡವಿದರು. ಔಟಾಗಿ ಗೆರೆಯಾಚೆ ಬಂದು ಕೂತ, ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮವನೊಬ್ಬ ಅಂಕ ತಂದ, ಇವನಿಗೆ ಮರಳಿ ಜೀವ ಬಂತು. ಎದ್ದು ನಿಂತು, ಒಳಗೆ ಹೋಗಲೋ ಬೇಡವೋ ಎಂಬಂತೆ ಈಗ ನನ್ನನ್ನು ನೋಡಿದ. ಚೀಟಿಯಲ್ಲಿ ಅವನ ಹೆಸರಿನ ಮುಂದೆ 'ವಿರಾಮದವರೆಗೆ' ಎಂದು ಬರೆದಿತ್ತು. ವಿರಾಮದವರೆಗೂ ಅವನು ಆಡಿದ.